ಹಳೆಯ ಐಷಾರಾಮಿ ಗಾಡಿ: ಕೊಳ್ಳುವ ಮುನ್ನ ಲೆಕ್ಕ ಹಾಕಿ

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಹಸು ಕೊಳ್ಳುವಾಗ ತಾವು ಮೂರು ಹೊತ್ತು ಕರೆದು ನೋಡಿಯೇ ಹಣ ಕೊಡುತ್ತೀರಿ. ಹಳೆಯ ದೊಡ್ಡ ಗಾಡಿಯನ್ನು ಮಾತ್ರ ಹೊಳಪು ನೋಡಿ ಕೊಳ್ಳುವುದುಂಟು. ಹತ್ತು ವರ್ಷಕ್ಕೆ ಗಾಡಿಯ ಬೆಲೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ.

2015ರವರೆಗೆ ತಯಾರಾದ ಮೊದಲ ಮಾದರಿಯ ಆಡಿ ಕ್ಯೂ7 ಗಾಡಿಯನ್ನೇ ನೋಡಿ. ಏರ್ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ರಬ್ಬರ್ ಹಳತಾಗಿ ಗಾಳಿ ಸೋರುತ್ತದೆ. ಅದನ್ನು ತುಂಬಲು ಕಂಪ್ರೆಸರ್ ಹೆಚ್ಚು ಓಡಿ ಅದೂ ಕೆಡುತ್ತದೆ. 3.0 ಲೀಟರ್ ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ ಹಿಂಬದಿಯಲ್ಲಿದೆ. ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಕೂಲಿಯೇ ಭಾರಿಯಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ: ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದೆಯೇ ನೋಡಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಗಡಗಡ ಸದ್ದು ಬಂದರೆ ಚೈನ್ ಬಗ್ಗೆ ಎಚ್ಚರ. ನಂಬಿಕೆಯ ಮೆಕ್ಯಾನಿಕ್‌ನಿಂದ ಕಂಪ್ಯೂಟರ್ ತಪಾಸಣೆ ಮಾಡಿಸಿ.

ಲೀಟರಿಗೆ 10 ಕಿ.ಮೀ. ಎಂದು ಹಿಡಿದರೂ ತಿಂಗಳಿಗೆ 1,000 ಕಿ.ಮೀ. ಓಡಿಸಲು 100 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ಲಿಗೆ ಎರಡು ಲೀಟರಿಗೂ ಹೆಚ್ಚು ಹಾಲಿನ ಹಣ ತೆರಬೇಕು. ಎಂದರೆ 200 ಲೀಟರಿಗೂ ಮೀರಿದ ಹಾಲು ಬರೀ ಡೀಸೆಲ್ಲಿಗೇ ಹೋಯಿತು! ವಿಮೆ, ಟಯರು, ರಿಪೇರಿ ಬೇರೆ.

ಸಾಲ ತೀರಿದ್ದಕ್ಕೆ ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30 ಪಡೆಯಿರಿ. ಹೊರರಾಜ್ಯದ ಗಾಡಿಯಾದರೆ ನಿರಾಕ್ಷೇಪಣಾ ಪತ್ರವೂ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು.

ಗಾಡಿ ಕೊಳ್ಳಬೇಡಿ ಎನ್ನುತ್ತಿಲ್ಲ. ಮೇವು, ಹಿಂಡಿ, ರಾಸು ವಿಮೆಗೆ ತೆಗೆದಿಟ್ಟು ಉಳಿದ ಬಟವಾಡೆ ಹಣದಲ್ಲಿ ಅದನ್ನು ಸಾಕಲು ಸಾಧ್ಯವೇ ಎಂದು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಿ.