ಡಬ್ಬಿಯಲ್ಲಿ ಉಳಿದ ಬೆಸುಗೆ

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಸವದತ್ತಿಯ ಬಳಿ ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಹಾಯ್ದು ಹೋಗುವ ತಾಣ ನವಿಲುತೀರ್ಥ. ಅಲ್ಲಿಯ ಅಣೆಕಟ್ಟಿನ ಹಿಂದಿರುವ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ನಿಲ್ಲಬಲ್ಲುದು. ಅಷ್ಟು ನೀರನ್ನು ತಡೆಯಲು ಒಂದು ಮಹಾಭಿತ್ತಿಯೇ ಬೇಕಾಯಿತು. ಆದರೆ ಅದೇ ನೀರು ಪಂಪಿನ ಮೂಲಕ ದಂಡೆಯ ರೈತನ ಹೊಲಕ್ಕೆ ಏರುವಾಗ, ಹುಬ್ಬಳ್ಳಿ-ಧಾರವಾಡದ ಮನೆಯೊಂದರ ಮಾಳಿಗೆಯ ತೊಟ್ಟಿಯಿಂದ ನಳಕ್ಕೆ ಇಳಿಯುವಾಗ, ಅದನ್ನು ಸೋರದಂತೆ ಕಾಯುವುದು ಪ್ಲಾಸ್ಟಿಕ್ ಕೊಳವೆಗಳ ಕೂಡಿಕೆಯಲ್ಲಿ ಸವರಿದ ತೆಳ್ಳನೆಯದೊಂದು ಲೇಪ. ಆ ಲೇಪದ ಡಬ್ಬಿ ಕೆಲಸ ಮುಗಿದ ಮೇಲೆ ಅರ್ಧ ಉಳಿಯುತ್ತದೆ, ಮಾಡದ ಮೂಲೆಯನ್ನು ಸೇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅದು ಮತ್ತೆ ಕೈಗೆ ಸಿಕ್ಕಾಗ ಏಳುವ ಪ್ರಶ್ನೆ: ಇದು ಇನ್ನೂ ಕೆಲಸಕ್ಕೆ ಬಂದೀತೇ?

ಅಂಗಡಿಯವರು ಇದನ್ನು ಸೊಲ್ಯೂಶನ್ ಎನ್ನುತ್ತಾರೆ, ನಾವು ಅಂಟು ಎನ್ನುತ್ತೇವೆ. ಈ ಅಂಟು ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಂಟು ಎರಡು ವಸ್ತುಗಳ ನಡುವೆ ಮೂರನೆಯದಾಗಿ ನಿಂತು ಅವನ್ನು ಹಿಡಿಯುವಂಥದು. ಇದಾದರೋ ಕೊಳವೆಯ ಮೈಯನ್ನೇ ತುಸು ಕರಗಿಸಿ ಮೆತ್ತಗೆ ಮಾಡುತ್ತದೆ. ಮೆತ್ತಗಾದ ಎರಡು ಮೈಗಳು ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಹಾರಿಹೋದ ಮೇಲೆ ಗಟ್ಟಿಯಾಗಿ ಒಂದೇ ಆಗುತ್ತವೆ. ಆದುದರಿಂದ ಇದು ಬೆಸುಗೆ. ಡಬ್ಬಿಯೊಳಗೆ ಇರುವುದು ಕೊಳವೆಯ ಪಿವಿಸಿ ಪುಡಿಯೇ. ಅದನ್ನು ಕರಗಿಸಿಟ್ಟಿರುವುದು ಟೆಟ್ರಾಹೈಡ್ರೋಫ್ಯುರಾನ್, ಸೈಕ್ಲೋಹೆಕ್ಸನೋನ್ ಮೊದಲಾದ ದ್ರಾವಕಗಳು. ಮೊದಲನೆಯದು 66 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುವಷ್ಟು ಚಂಚಲ. ಕೂಡಿಕೆ ಬಲಿಯಲು ಕಾರಣವಾದ ಈ ಹಾರುವ ಗುಣವೇ, ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಅದರ ಮುಪ್ಪಿಗೂ ಕಾರಣ.

ಇಲ್ಲೊಂದು ವೈಚಿತ್ರ್ಯವುಂಟು. ಕೊಳವೆ ದೀರ್ಘಾಯು, 1930ರ ದಶಕದಲ್ಲಿ ಜರ್ಮನಿಯಲ್ಲಿ ಹೂಳಿದ ಪಿವಿಸಿ ಕೊಳವೆಗಳು ಹಲವು ದಶಕ ದುಡಿದವು. ಅದನ್ನು ಕೂಡಿಸುವ ರಸ ಮಾತ್ರ ಅಲ್ಪಾಯು. ತಯಾರಕರು ತೆರೆಯದ ಡಬ್ಬಿಗೆ ಸಾಮಾನ್ಯವಾಗಿ ಒಂದೆರಡು ವರ್ಷ, ಕೆಲವರು 3 ವರ್ಷ ಅವಧಿ ಕೊಡುತ್ತಾರೆ. ಒಮ್ಮೆ ತೆರೆದ ಡಬ್ಬಿಗೆ ಆ ಲೆಕ್ಕ ಸಲ್ಲದು. ಹಾಗಾಗಿ ಮೊದಲು ತಾರೀಖನ್ನು ಓದಬೇಕು, ಅನಂತರ ರಸವನ್ನು. ಕಡ್ಡಿಯೊಂದನ್ನು ಅದ್ದಿ ಎತ್ತಿದಾಗ ಜೇನಿನಂತೆ ಎಡೆಬಿಡದೆ ಇಳಿದರೆ ಜೀವವಿದೆ ಎನ್ನಬೇಕು. ಗಂಟುಗಂಟಾಗಿ ಎದ್ದರೆ, ಗಟ್ಟಿ ಮೊಸರಿನಂತೆ ಅಲುಗಿದರೆ, ಕೆನೆಗಟ್ಟಿ ನೂಲೆಳೆದರೆ, ಅದರ ಆಯುಷ್ಯ ತೀರಿತು.

ಆಗ ತಿನ್ನರನ್ನೋ ಪೆಟ್ರೋಲನ್ನೋ ಸುರಿದು ತಿಳಿಮಾಡುವವರುಂಟು. ಒಣಗಿದ ಗೋಂದು ನೀರಿನಲ್ಲಿ ನೆನೆದರೆ ಮತ್ತೆ ಕರಗುತ್ತದೆ. ಅರಗನ್ನು ಕಾಸಿದರೆ ಮತ್ತೆ ಹರಿಯುತ್ತದೆ. ಆ ಅನುಭವ ಇಲ್ಲಿ ನಡೆಯದು. ಯಾವ ದ್ರಾವಕ ಎಷ್ಟು ಹಾರಿಹೋಯಿತೆಂಬುದು ನಮಗೆ ತಿಳಿಯದು. ತಿಳಿಯದ ಪ್ರಮಾಣವನ್ನು ತುಂಬಿಕೊಡುವುದು ಹೇಗೆ? ರಸ ತೆಳ್ಳಗಾದೀತು, ಬೆಸೆಯುವ ಶಕ್ತಿ ಮರಳದು. ತಯಾರಕರು ಏನನ್ನೂ ಬೆರೆಸಬೇಡಿರೆನ್ನುವುದು ಇದಕ್ಕಾಗಿಯೇ. ಇದರ ಆವಿ ಥಟ್ಟನೆ ಉರಿ ಹತ್ತುವಂಥದು. ಒಲೆಯ ಬಳಿ ಬೆಚ್ಚಗಿಟ್ಟು ಕರಗಿಸಹೋಗುವುದಂತೂ ಅಪಾಯ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ವಿಚಾರವೇಕೆಂದು ಕೇಳಬಹುದು. ನದಿಯಿಂದ 20 ಮೀಟರ್ ಎತ್ತರದ ಹೊಲಕ್ಕೆ ನೀರೆತ್ತುವ ರೈತನನ್ನು ನೆನೆಯಿರಿ. ಕೆಳಗಿನ ಕೂಡಿಕೆಯ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ. 110 ಮಿಲಿಮೀಟರ್ ಕೊಳವೆಯ ತಿರುವಿನಲ್ಲಿ ಅದನ್ನು ಕಳಚಲೆತ್ನಿಸುವ ಬಲ 150 ಕಿಲೋಗೂ ಮಿಕ್ಕಿದ್ದು. ಆರಾರು ಮೀಟರಿನ ಕೊಳವೆಗಳಾದರೆ ಒಂದು ಕಿಲೋಮೀಟರಿಗೆ 160ಕ್ಕೂ ಹೆಚ್ಚು ಕೂಡಿಕೆಗಳು. ಸಾಲದುದಕ್ಕೆ ಸವದತ್ತಿ ಸೀಮೆಯ ಎರೆಭೂಮಿ ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಹೂಳಿದ ಕೊಳವೆಯನ್ನು ಅಲುಗಿಸುತ್ತಲೇ ಇರುತ್ತದೆ. ಅಂದು ಹಿಡಿದಂತೆ ತೋರಿದ ದುರ್ಬಲ ಕೂಡಿಕೆ, ಪೈರು ತೆನೆಗಟ್ಟುವ ಹೊತ್ತಿಗೆ ಮಣ್ಣಿನೊಳಗೆ ಬಾಯಿಬಿಡುತ್ತದೆ. ಅಗೆದು ಹುಡುಕುವ ಕೂಲಿ, ಹರಿದುಹೋದ ನೀರು, ಬಾಡಿದ ಬೆಳೆ ಇವುಗಳ ಮುಂದೆ ಡಬ್ಬಿಯ ಬೆಲೆ ಎಷ್ಟರದು?

ಆದುದರಿಂದ ಕೆಲಸ ನೋಡಿ ನಿರ್ಣಯಿಸುವುದು ಲೇಸು. ಒತ್ತಡವಿಲ್ಲದ, ಕಣ್ಣೆದುರಿಗಿರುವ ಬಚ್ಚಲ ಕೊಳವೆಗೆ, ಅವಧಿ ತುಸು ದಾಟಿದರೂ ಸರಾಗವಾಗಿ ಹರಿಯುವ ರಸವನ್ನು ಬಳಸಿ ನೋಡಬಹುದು. ಮಣ್ಣಿನಲ್ಲಿ ಹೂಳುವ, ಗೋಡೆಯಲ್ಲಿ ಮುಚ್ಚುವ, ಒತ್ತಡ ಹೊರುವ ಕೊಳವೆಗೆ ಹೊಸ ಡಬ್ಬಿಯೇ ಬೇಕು.

ನಮ್ಮದು ಬಿಸುಟು ಬದುಕಿದ ನಾಡಲ್ಲ. ಹಳೆಯದಾದಷ್ಟೂ ರುಚಿಗೂಡುವ ಉಪ್ಪಿನಕಾಯಿ, ದಿನಗಟ್ಟಲೆ ಕೆಡದ ಕಟಕ ರೊಟ್ಟಿ ನಮಗೆ ಕಾದಿಡುವುದನ್ನು ಕಲಿಸಿವೆ. ಆ ಗುಣ ದೊಡ್ಡದು. ಆದರೆ ಕಾದಿಡುವುದಕ್ಕೂ ವಿವೇಕ ಬೇಕು. ಸಣ್ಣ ಡಬ್ಬಿ ಕೊಳ್ಳುವುದು, ಸವರಿದೊಡನೆ ಮುಚ್ಚಳ ಬಿಗಿಯುವುದು, ತಂಪಿನಲ್ಲಿಡುವುದು, ತೆರೆದ ದಿನವನ್ನು ಅದರ ಮೇಲೆ ಬರೆದಿಡುವುದು, ಇವು ನಿಜವಾದ ಮಿತವ್ಯಯ. ಸತ್ತ ರಸವನ್ನು ಸವರಿ ನೀರನ್ನು ಮಣ್ಣುಪಾಲು ಮಾಡುವುದು ಮಿತವ್ಯಯವಲ್ಲ. ಮಲಪ್ರಭೆಯ ನೀರಿಗೆ ಕಾದು ಕುಳಿತ ಈ ಸೀಮೆಯಲ್ಲಿ ಉಳಿಸಬೇಕಾದುದು ಡಬ್ಬಿಯನ್ನಲ್ಲ, ನೀರನ್ನು.