ಕಂಪನಿಯ ಹಣ, ಊರಿನ ಯುವಜನ



ಊರಿನ ಯುವಜನರಿಗಾಗಿ ದುಡಿಯುವ ಸೇವಾಸಂಸ್ಥೆಗೆ ಕಂಪನಿಗಳು ಹೇಗೆ ನೆರವಾಗಬೇಕು ಎಂಬ ಪ್ರಶ್ನೆಗೆ ಉಜಿರೆಯಲ್ಲಿ ಒಂದು ಒಳ್ಳೆಯ ಉತ್ತರವಿದೆ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಅಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗದ ತರಬೇತಿ ನೀಡುವುದು ಅದರ ಕೆಲಸ. ಹೈನುಗಾರಿಕೆ, ಹೊಲಿಗೆ, ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ ಹೀಗೆ ಕೈಗೆ ದುಡಿಮೆ ಕೊಡುವ ಕಸುಬುಗಳನ್ನು ಅಲ್ಲಿ ಕಲಿಸುತ್ತಾರೆ.

ಆದರೆ ಅದರ ನಿಜವಾದ ಬಲ ಇರುವುದು ತರಬೇತಿ ಮುಗಿದ ಮೇಲೆ. ಕಲಿತವರ ಬೆನ್ನಿಗೆ ನಿಂತು ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ಸಾಲ ಬೇಕಾದವರಿಗೆ ಬ್ಯಾಂಕಿನ ದಾರಿ ತೋರಿಸುತ್ತಾರೆ. ಬ್ಯಾಂಕುಗಳು ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳದೆ ಸಂಸ್ಥೆಯ ಆಡಳಿತದಲ್ಲೂ ಪಾಲುಗೊಂಡವು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನೇ ಎತ್ತಿಕೊಂಡು, ಜಿಲ್ಲೆಗೊಂದು ‘ಆರ್‌ಸೆಟಿ’ ತರಬೇತಿ ಸಂಸ್ಥೆ ಎಂಬ ಯೋಜನೆ ರೂಪಿಸಿ, ಅವನ್ನು ನಡೆಸುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು.

ಕಂಪನಿಗಳು ಹೀಗೆ ನೆರವಾಗಲು ಈಗ ಕಾನೂನೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದು ಮಟ್ಟ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಸಿಎಸ್‌ಆರ್ ಎಂದು ನಾವು ಕರೆಯುವುದು ಸಮಾಜಕ್ಕಾಗಿ ಮಾಡುವ ಈ ವೆಚ್ಚವನ್ನೇ.

ಹಣವಿದ್ದೂ ಕೆಲಸ ಕುಂಟುವುದೇಕೆ? ಮಾರ್ಚ್ ಹತ್ತಿರವಾದಾಗ ಕಟ್ಟಡ, ಕಂಪ್ಯೂಟರು, ಹೊಲಿಗೆ ಯಂತ್ರಗಳಿಗೆ ಹಣ ಸುಲಭವಾಗಿ ಸಿಗುತ್ತದೆ. ಕಲಿಸುವವರ ಸಂಬಳಕ್ಕೆ, ಮನೆಮನೆಗೆ ಹೋಗಿ ವಿಚಾರಿಸುವವರ ಓಡಾಟಕ್ಕೆ ಸಿಗುವುದಿಲ್ಲ. ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ನಿಯಮವನ್ನು ಇದಕ್ಕೆ ಅಡ್ಡ ಹಿಡಿಯುವವರಿದ್ದಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ. ಸೇವಾಸಂಸ್ಥೆಯ ಶಿಕ್ಷಕರ ಸಂಬಳಕ್ಕಲ್ಲ. ವರ್ಷದೊಳಗೆ ಎಲ್ಲವನ್ನೂ ಮುಗಿಸಬೇಕೆಂಬ ಆತುರಕ್ಕೂ ಕಾರಣವಿಲ್ಲ. ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷದವರೆಗೆ ಸಾಗುವ ಯೋಜನೆಗೆ ನಿಯಮದಲ್ಲೇ ಅವಕಾಶವಿದೆ.

ಹದಿನೆಂಟು ವರ್ಷದ ಹುಡುಗನ ನಂಬಿಕೆ ಗಳಿಸಲು ಒಂದು ಶಿಬಿರ ಸಾಲದು. ಅವನ ಹೆಸರು, ಮನೆಯ ಕಷ್ಟ, ಅವನು ಎಲ್ಲಿ ಎಡವುತ್ತಾನೆ ಎಂಬುದೆಲ್ಲ ಬಲ್ಲ ಒಬ್ಬರು ಅಲ್ಲೇ ಇರಬೇಕು. ಅವರು ಉಳಿಯಬೇಕಾದರೆ ತಿಂಗಳ ಸಂಬಳ ತಪ್ಪಬಾರದು.

ಸಭೆಯಲ್ಲಿರುವ ಉದ್ಯಮಿಗಳಲ್ಲಿ ನನ್ನ ವಿನಂತಿ: ನಿಮ್ಮ ಊರಿನ ಒಂದು ಸಂಸ್ಥೆಯನ್ನು ಆರಿಸಿ, ಮೂರು ವರ್ಷಕ್ಕೆ ಮಾತು ಕೊಡಿ, ಜನರ ಸಂಬಳವನ್ನೂ ಅದರಲ್ಲಿ ಸೇರಿಸಿ. ಸಂಸ್ಥೆಗಳನ್ನು ನಡೆಸುವವರು ಲೆಕ್ಕವನ್ನು ಊರಿನ ಮುಂದೆ ತೆರೆದಿಡಿ. ಉಳಿದ ನಾವೆಲ್ಲ ಆ ಲೆಕ್ಕ ಕೇಳೋಣ, ಕೆಲಸಕ್ಕೂ ಹೆಗಲು ಕೊಡೋಣ.