ಜಪಾನಿನಲ್ಲಿ ಮಾತು, ಮರ್ಯಾದೆ

ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಮಗು ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಅಜ್ಜಿ ಅಲ್ಲೇ ತಡೆದು, ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾಳೆ. ಜಪಾನಿನ ಮನೆಗಳಲ್ಲಿಯೂ ಹೊರಡುವವರು ‘ಇತ್ತೆಕಿಮಸು’ ಎನ್ನುತ್ತಾರೆ. ಅದರ ಅರ್ಥವೂ ಅಕ್ಷರಶಃ ‘ಹೋಗಿ ಬರುತ್ತೇನೆ’ ಎಂದೇ. ಸಂಜೆ ಹಿಂದಿರುಗಿದವರು ಬಾಗಿಲಲ್ಲಿ ‘ತದೈಮ’, ಅಂದರೆ ‘ಇದೀಗ ಬಂದೆ’ ಎಂದರೆ, ಒಳಗಿನಿಂದ ‘ಒಕಾಎರಿ’ ಎಂಬ ಸ್ವಾಗತ ಕೇಳಿಬರುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ‘ಅಲ್ಲಿ’, ‘ಇಂದ’, ‘ಗೆ’ ಎಂಬಂಥ ಪ್ರತ್ಯಯಗಳು ನಾಮಪದದ ಬೆನ್ನಿಗೆ ಅಂಟುವುದು, ಇವೂ ನಮ್ಮ ನುಡಿಯಂತೆಯೇ. ಹಾಗಾದರೆ ಜಪಾನಿ ಭಾಷೆ ಕನ್ನಡಿಗರಿಗೆ ಸುಲಭವೆ? ವಾಕ್ಯ ಕಟ್ಟುವಷ್ಟರ ಮಟ್ಟಿಗೆ, ಹೌದು. ಆದರೆ ವಾಕ್ಯ ಕಟ್ಟುವುದು ಬೇರೆ, ನಾಲ್ಕು ಜನರ ನಡುವೆ ನಿಂತು ಮಾತನಾಡುವುದು ಬೇರೆ. ಈ ಎರಡನೆಯ ವಿದ್ಯೆಯನ್ನು ಜಪಾನಿನವರು ಹೇಗೆ ಕಲಿಯುತ್ತಾರೆ, ಹೇಗೆ ಕಲಿಸುತ್ತಾರೆ ಎಂಬುದನ್ನು ಸ್ವಲ್ಪ ನೋಡೋಣ.

ಮೊದಲ ಪಾಠಶಾಲೆ ಮನೆ. ಅಲ್ಲಿ ಎಲ್ಲರಿಗೂ ಹೆಸರು ಬರುವುದು ಕಿರಿಯ ಮಗುವಿನ ಕಡೆಯಿಂದ. ಎರಡನೆಯ ಮಗು ಹುಟ್ಟಿತೆಂದರೆ ತಾಯಿಯೂ ಹಿರಿಯ ಮಗನನ್ನು ‘ಒನೀಚಾನ್’, ಎಂದರೆ ‘ಅಣ್ಣ’ ಎಂದು ಕರೆಯತೊಡಗುತ್ತಾಳೆ. ಗಂಡನನ್ನು ‘ಒತೋಸಾನ್’, ‘ಅಪ್ಪ’ ಎನ್ನುವುದೂ ಸಾಮಾನ್ಯ. ತಂದೆ ಮಗುವಿನೊಡನೆ ‘ನಾನು ಕೊಡುತ್ತೇನೆ’ ಎನ್ನದೆ ‘ಅಪ್ಪ ಕೊಡ್ತಾನೆ’ ಎನ್ನುತ್ತಾನೆ. ಸುಜುಕಿ ತಕಾಓ ಎಂಬ ಭಾಷಾವಿದ್ವಾಂಸರು 1973ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ ಈ ಪದ್ಧತಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಹೀಗೆ ಮಗು ಕಲಿಯುವ ಮೊದಲ ವ್ಯಾಕರಣವೆಂದರೆ ಯಾರು ಯಾರಿಗೆ ಏನಾಗಬೇಕು ಎಂಬುದು.

ಇಲ್ಲಿಯವರೆಗೆ ನಮಗೆ ಹೊಸದೇನೂ ಇಲ್ಲ. ದಾರಿ ಬೇರೆಯಾಗುವುದು ಹೊಸಿಲಿನ ಆಚೆ. ಮನೆಗೆ ಬಂದ ನೆಂಟರಿಗೆ ನಾವು, ‘ನಮ್ಮ ತಂದೆಯವರು ಊರಿಗೆ ಹೋಗಿದ್ದಾರೆ’ ಎನ್ನುತ್ತೇವೆ. ತಂದೆ ಎದುರಿಗಿರಲಿ, ಇಲ್ಲದಿರಲಿ, ಬಹುವಚನ ಬಿಡುವುದಿಲ್ಲ. ಜಪಾನಿನ ಮಗ ಮನೆಯೊಳಗೆ ತಂದೆಯನ್ನು ‘ಒತೋಸಾನ್’ ಎಂದು ಆದರದಿಂದ ಕರೆಯುತ್ತಾನೆ. ಹೊರಗಿನವರೊಡನೆ ಆಡುವಾಗ ಅದೇ ತಂದೆ ಬರಿಯ ‘ಚಿಚಿ’, ಗೌರವದ ಪ್ರತ್ಯಯವಿಲ್ಲ. ಕಚೇರಿಯಲ್ಲಿ ಇದು ಇನ್ನೂ ಸ್ಪಷ್ಟ. ಕಂಪನಿಯ ಅಧ್ಯಕ್ಷರು ತನಕ ಎಂಬವರು ಎಂದಿಟ್ಟುಕೊಳ್ಳಿ. ಎದುರಿಗೆ ಬಂದಾಗ ಗುಮಾಸ್ತೆ ತಲೆಬಾಗಿ ಅತ್ಯಂತ ಗೌರವದ ಮಾತನಾಡುತ್ತಾಳೆ. ಬೇರೆ ಕಂಪನಿಯಿಂದ ಟೆಲಿಫೋನು ಬಂದರೆ ಮಾತ್ರ, ‘ತನಕ ಈಗ ಇಲ್ಲ’ ಎನ್ನುತ್ತಾಳೆ. ‘ಸಾನ್’ ಎಂಬ ಗೌರವದ ಬಾಲವನ್ನು ಸೇರಿಸುವುದಿಲ್ಲ. ಆದರೆ ಟೆಲಿಫೋನು ಮಾಡಿದವರು ತನಕರ ಹೆಂಡತಿಯಾದರೆ ಆ ಬಾಲ ಮತ್ತೆ ಬಂದು ಸೇರುತ್ತದೆ! ಏಕೆಂದರೆ ಅಲ್ಲಿ ಗೌರವವನ್ನು ಅಳೆಯುವುದು ವಯಸ್ಸು, ಪದವಿಗಳಿಂದ ಮಾತ್ರವಲ್ಲ. ಈ ಕ್ಷಣದಲ್ಲಿ ಯಾರು ನಮ್ಮ ಒಳಗಿನವರು, ಯಾರು ಹೊರಗಿನವರು ಎಂಬುದರಿಂದಲೂ. ಒಳಗಿನವರನ್ನು ತಗ್ಗಿಸಿ ಹೇಳುವುದೇ ಹೊರಗಿನವರಿಗೆ ತೋರುವ ಮರ್ಯಾದೆ.

ಇಂಥ ನುಡಿಗೆ ‘ಕೇಯ್ಗೊ’ ಎಂದು ಹೆಸರು. ಊಟ ಮಾಡುವುದಕ್ಕೆ ಸಾಮಾನ್ಯ ಕ್ರಿಯಾಪದ ‘ತಬೆರು’. ಹಿರಿಯರು ಊಟ ಮಾಡಿದರೆ ಅದು ‘ಮೆಶಿಆಗರು’. ನಾನೇ ವಿನಯದಿಂದ ಹೇಳಿಕೊಂಡರೆ ‘ಇತದಕು’. 2007ರಲ್ಲಿ ಅಲ್ಲಿಯ ಸರ್ಕಾರದ ಸಾಂಸ್ಕೃತಿಕ ಮಂಡಳಿ ಕೇಯ್ಗೊವನ್ನು 5 ಬಗೆಯಾಗಿ ವಿಂಗಡಿಸಿ ಮಾರ್ಗಸೂಚಿಯೊಂದನ್ನೇ ಹೊರಡಿಸಿತು. ತಾಯ್ನುಡಿಯಾಡುವವರಿಗೇ ಮಾರ್ಗಸೂಚಿ ಬೇಕಾಯಿತೆಂದರೆ ಅದರ ತೊಡಕನ್ನು ನೀವೇ ಊಹಿಸಬಹುದು.

ಜಪಾನಿನ ಮಕ್ಕಳು ಮೊದಲು ಆಡುವುದು ಮನೆಯ ಬಿಚ್ಚುಮಾತು. ಶಾಲೆಗೆ ಸೇರಿದ ಮೇಲೆ ಉಪಾಧ್ಯಾಯರೊಡನೆ ‘ದೆಸು’, ‘ಮಸು’ ಎಂದು ಮುಗಿಯುವ ವಿನಯದ ಮಾತು ಅಭ್ಯಾಸವಾಗುತ್ತದೆ. 12ನೆಯ ವಯಸ್ಸಿಗೆ ಮಾಧ್ಯಮಿಕ ಶಾಲೆ. ಅಲ್ಲಿಯ ಆಟದ ಸಂಘ, ಸಂಗೀತದ ಸಂಘಗಳಲ್ಲಿ ಒಂದೇ ಒಂದು ವರ್ಷಕ್ಕೆ ಹಿರಿಯನಾದ ಹುಡುಗನೂ ‘ಸೆಂಪಾಯ್’. ನಿನ್ನೆ ಬೀದಿಯಲ್ಲಿ ಜೊತೆಗೆ ಆಡಿದವನಿಗೆ ಇಂದು ವಿನಯದ ಮಾತು. ಓದು ಮುಗಿದು ಏಪ್ರಿಲ್ ತಿಂಗಳಿನಲ್ಲಿ ಕೆಲಸಕ್ಕೆ ಸೇರಿದಾಗ ಹಲವು ಕಂಪನಿಗಳು ಮತ್ತೆ ಪಾಠಕ್ಕೆ ಕೂರಿಸುತ್ತವೆ: ಟೆಲಿಫೋನು ಹೇಗೆ ಎತ್ತಬೇಕು, ಹೆಸರಿನ ಚೀಟಿ ಹೇಗೆ ನೀಡಬೇಕು, ಎಷ್ಟು ಬಾಗಬೇಕು, ಯಾವ ಕ್ರಿಯಾಪದ ಬಳಸಬೇಕು. ಹೊರನಾಡಿನವರ ದಾರಿ ಇದಕ್ಕೆ ತಿರುವು ಮುರುವು. ಅವರಿಗೆ ಪಾಠಪುಸ್ತಕ ‘ದೆಸು’, ‘ಮಸು’ಗಳನ್ನೇ ಮೊದಲು ಕಲಿಸುತ್ತದೆ. ಆದ್ದರಿಂದ ಅವರು ಮೂರು ವರ್ಷದ ಕೂಸಿನೊಡನೆಯೂ ವಿನಯದಿಂದ ಮಾತನಾಡುತ್ತಾರೆ. ಬಿಚ್ಚುಮಾತು ಬರಬೇಕಾದರೆ ಗೆಳೆಯರು ಬೇಕು.

ಪುಸ್ತಕ ಕಲಿಸಲಾರದ ಇನ್ನೊಂದು ಸಂಗತಿ ಕೇಳಿಸಿಕೊಳ್ಳುವ ರೀತಿ. ಒಬ್ಬರು ಮಾತನಾಡುತ್ತಿದ್ದರೆ ಇನ್ನೊಬ್ಬರು ನಡುನಡುವೆ ‘ಹಾಯ್’, ‘ಏ’ ಎನ್ನುತ್ತಲೇ ಇರಬೇಕು. ಇದಕ್ಕೆ ‘ಐಜುಚಿ’ ಎನ್ನುತ್ತಾರೆ. ಕುಲುಮೆಯಲ್ಲಿ ಇಬ್ಬರು ಕಮ್ಮಾರರು ಕಾದ ಕಬ್ಬಿಣದ ಮೇಲೆ ಒಬ್ಬರಾದ ಮೇಲೊಬ್ಬರು ಸುತ್ತಿಗೆ ಹಾಕುವುದರಿಂದ ಬಂದ ಮಾತಿದು. ನಮ್ಮ ಅಜ್ಜಿಯರು ಕಥೆ ಹೇಳುವಾಗ ‘ಹೂಂಗುಟ್ಟು, ಇಲ್ಲದಿದ್ದರೆ ಹೇಳೋದಿಲ್ಲ’ ಎನ್ನುತ್ತಿರಲಿಲ್ಲವೆ, ಅದೇ ಇದು. ಆದರೆ ‘ಹಾಯ್’ ಎಂದ ಮಾತ್ರಕ್ಕೆ ಒಪ್ಪಿದರೆಂದು ತಿಳಿಯಬಾರದು. ‘ಕೇಳುತ್ತಿದ್ದೇನೆ, ಮುಂದೆ ಹೇಳಿ’ ಎಂದಷ್ಟೇ ಅದರ ಅರ್ಥ.

ಇಷ್ಟೊಂದು ಮೆಟ್ಟಿಲುಗಳಿರುವ ಭಾಷೆ ಸಮಾಜಕ್ಕೆ ಭಾರವಾಗುವುದಿಲ್ಲವೆ? ಆದದ್ದುಂಟು. 1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಚಕ್ರವರ್ತಿಯ ಧ್ವನಿ ಮೊದಲ ಬಾರಿಗೆ ರೇಡಿಯೋದಲ್ಲಿ ಜನರ ಕಿವಿಗೆ ಬಿತ್ತು. ಯುದ್ಧ ಮುಗಿಯಿತು ಎಂಬುದೇ ಸಾರಾಂಶ. ಆದರೆ ಅದು ಹಳೆಯ ಆಸ್ಥಾನದ ಗ್ರಾಂಥಿಕ ಭಾಷೆ, ಧ್ವನಿಯೂ ಅಸ್ಪಷ್ಟ. ನಿಂತು ಕೇಳಿದ ಎಷ್ಟೋ ಜನಕ್ಕೆ ತಮ್ಮ ಪಾಡು ಏನಾಯಿತೆಂದೇ ಒಡನೆ ತಿಳಿಯಲಿಲ್ಲ. ಮರುವರ್ಷ ಹೊಸ ಸಂವಿಧಾನವನ್ನು ಆಡುನುಡಿಗೆ ಹತ್ತಿರವಾದ ಶೈಲಿಯಲ್ಲಿ ಬರೆದರು. ನಿತ್ಯ ಬಳಕೆಗೆಂದು 1,850 ಚೀನೀ ಅಕ್ಷರಗಳನ್ನು ಗೊತ್ತುಮಾಡಿದರು. 1952ರಲ್ಲಿ ರಾಷ್ಟ್ರಭಾಷಾ ಮಂಡಳಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಗೌರವದ ನುಡಿ ಮೇಲುಕೀಳಿನ ಮೇಲಲ್ಲ, ಪರಸ್ಪರ ಆದರದ ಮೇಲೆ ನಿಲ್ಲಬೇಕು. ಎದುರಿಗಿರುವ ಯಾರನ್ನಾದರೂ ‘ಅನತ’, ಅಂದರೆ ‘ನೀವು’ ಎಂದರೆ ಸಾಕು ಎಂದು ಸಲಹೆ ಮಾಡಿತು. ಜನ ಈ ಸಲಹೆಯನ್ನು ಒಪ್ಪಲಿಲ್ಲ. ಇಂದಿಗೂ ಗುರುಗಳನ್ನೋ ಮೇಲಧಿಕಾರಿಯನ್ನೋ ‘ಅನತ’ ಎಂದರೆ ಒರಟುತನವಾಗುತ್ತದೆ. ಹೆಸರನ್ನೋ ಹುದ್ದೆಯನ್ನೋ ಹಿಡಿದು ಕರೆಯಬೇಕು. ನಾವೂ ‘ಮೇಷ್ಟ್ರಿಗೆ ಕಾಫಿ ಆಗಬಹುದೆ?’ ಎಂದು ಮೇಷ್ಟ್ರನ್ನೇ ಕೇಳುತ್ತೇವಲ್ಲ, ಹಾಗೆ. ಮಂಡಳಿಗಳು ಅಕ್ಷರವನ್ನು ತಿದ್ದಬಹುದು. ರೂಢಿಯನ್ನು ತಿದ್ದುವುದು ಕಷ್ಟ.

ಬಲವಂತದಿಂದ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಆ ದೇಶದಲ್ಲಿಯೇ ಉದಾಹರಣೆಯಿದೆ. ದಕ್ಷಿಣದ ಒಕಿನಾವ ದ್ವೀಪಗಳ ಶಾಲೆಗಳಲ್ಲಿ 20ನೆಯ ಶತಮಾನದ ಆದಿಯಿಂದ, ಮನೆಮಾತಾಡಿದ ಮಗುವಿನ ಕುತ್ತಿಗೆಗೆ ‘ಹೋಗೆನ್ ಫುದ’ ಎಂಬ ಮರದ ಹಲಗೆಯನ್ನು ತೂಗುಹಾಕುತ್ತಿದ್ದರು. ಇನ್ನೊಬ್ಬ ಹುಡುಗ ಹಾಗೆ ಮಾತನಾಡಿ ಸಿಕ್ಕಿಬೀಳುವತನಕ ಅದು ಇವನ ಕೊರಳಲ್ಲಿ. ಯುದ್ಧದ ಅನಂತರವೂ ಕೆಲವೆಡೆ ಈ ಪದ್ಧತಿ ಉಳಿದಿತ್ತು. ಮಕ್ಕಳು ರಾಜಧಾನಿಯ ಭಾಷೆ ಕಲಿತರು, ನಿಜ. ಜೊತೆಗೆ ಅಜ್ಜಿಯ ಮಾತಿಗೆ ನಾಚುವುದನ್ನೂ ಕಲಿತರು. 2009ರಲ್ಲಿ ಯುನೆಸ್ಕೋ ಸಂಸ್ಥೆ ಜಪಾನಿನ 8 ನುಡಿಗಳು ಅಳಿವಿನ ಅಂಚಿನಲ್ಲಿವೆ ಎಂದು ಗುರುತಿಸಿತು. ಒಕಿನಾವದ ಮಾತೂ, ಉತ್ತರದ ಐನು ಜನರ ಮಾತೂ ಆ ಪಟ್ಟಿಯಲ್ಲಿವೆ.

ಇನ್ನೊಂದು ಪಾಠವನ್ನು ಭೂಕಂಪ ಕಲಿಸಿತು. 1995ರ ಜನವರಿ 17ರಂದು ಕೋಬೆ ನಗರ ನಡುಗಿದಾಗ, ಅಲ್ಲಿ ನೆಲಸಿದ್ದ ಹೊರನಾಡಿನವರಿಗೆ ಸರ್ಕಾರದ ಸೂಚನೆಗಳು ಅರ್ಥವಾಗಲಿಲ್ಲ. ನಮ್ಮ ಪ್ರಕಟಣೆಗಳಲ್ಲಿ ಸಂಸ್ಕೃತ ಪದಗಳು ತುಂಬುವಂತೆ ಅಲ್ಲಿಯ ಸೂಚನೆಗಳಲ್ಲಿ ಚೀನೀ ಮೂಲದ ಪದಗಳು. ಅನಂತರ ಹಿರೋಸಾಕಿ ವಿಶ್ವವಿದ್ಯಾನಿಲಯದ ವಿದ್ವಾಂಸರು ‘ಯಸಶೀ ನಿಹೊಂಗೊ’, ಎಂದರೆ ‘ಸರಳ ಜಪಾನಿ’ಯನ್ನು ರೂಪಿಸಿದರು. ‘ಹಿನನ್ ಮಾಡುವುದು’ ಎಂಬ ಕಚೇರಿಯ ಮಾತಿಗೆ ಬದಲು ‘ನಿಗೆರು’, ಓಡಿ ಪಾರಾಗು, ಎನ್ನುವುದು, ವಾಕ್ಯ ಚಿಕ್ಕದು, ಒಂದು ವಾಕ್ಯಕ್ಕೆ ಒಂದೇ ವಿಷಯ. 2024ರ ಜನವರಿ 1ರಂದು ನೋತೋ ಪ್ರದೇಶದಲ್ಲಿ ಭೂಮಿ ನಡುಗಿ ಸುನಾಮಿಯ ಭಯವಾದಾಗ, ಟೆಲಿವಿಷನ್ ಪರದೆಯ ಮೇಲೆ ಮಕ್ಕಳೂ ಓದಬಲ್ಲ ಅಕ್ಷರಗಳಲ್ಲಿ, ‘ಬೇಗ ಓಡಿ’ ಎಂಬ ಸೂಚನೆ ದೊಡ್ಡದಾಗಿ ಮೂಡಿತು. ಕೇಯ್ಗೊದ ಸುಳಿವೂ ಇಲ್ಲ. ಆದರೂ ಅದಕ್ಕಿಂತ ಮರ್ಯಾದೆಯ ಮಾತು ಆ ಹೊತ್ತಿನಲ್ಲಿ ಬೇರೊಂದಿರಲಿಲ್ಲ.

ಈಗ ಜಪಾನಿನ ಕಾರ್ಖಾನೆಯ ಊರುಗಳಲ್ಲಿ ಬ್ರೆಜಿಲ್, ವಿಯೆಟ್ನಾಂ, ನೇಪಾಳಗಳಿಂದ ಬಂದ ಕೆಲಸಗಾರರಿದ್ದಾರೆ. ಅವರಿಗೆ ಭಾಷೆ ಕಲಿಸುವವರಲ್ಲಿ ಬಹುಮಂದಿ ಸಂಬಳದ ಉಪಾಧ್ಯಾಯರಲ್ಲ. ಊರಿನ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಗೃಹಿಣಿಯರು, ನಿವೃತ್ತರು. ಇವರಿಗೆ ಬೆಂಬಲವಾಗಿ ನಿಲ್ಲುವುದು ಸರ್ಕಾರದ ಹೊಣೆಯೆಂದು 2019ರಲ್ಲಿ ಕಾನೂನೂ ಆಯಿತು. ಅಲ್ಲಿ ಕಲಿಯುವವರು ಕ್ರಿಯಾಪದಗಳನ್ನು ಕಲಿಯುತ್ತಾರೆ. ಕಲಿಸುವವರು, ತಮ್ಮ ಮಾತು ಇನ್ನೊಬ್ಬರಿಗೆ ಎಲ್ಲಿ ಕಠಿಣವಾಗುತ್ತದೆಂಬುದನ್ನು ಕಲಿಯುತ್ತಾರೆ.

ನಮ್ಮ ಪಟ್ಟಣಗಳಿಗೂ ಬೇರೆ ನುಡಿಯವರು ಕೆಲಸ ಹುಡುಕಿಕೊಂಡು ಬರುತ್ತಿದ್ದಾರೆ. ಅವರು ‘ನೀನು’ ಎನ್ನಬೇಕಾದಲ್ಲಿ ‘ನೀವು’, ‘ನೀವು’ ಎನ್ನಬೇಕಾದಲ್ಲಿ ‘ನೀನು’ ಎಂದಾರು. ಆಗ ಮುನಿಯದೆ, ನಗದೆ, ಸರಿಯಾದ ಮಾತನ್ನು ಮೆಲ್ಲಗೆ ಒಮ್ಮೆ ಹೇಳಿಕೊಡಿ. ಭಾಷೆ ಬೆಳೆಯುವುದು ಅಂಥ ಕಡೆಯೇ.